ಗರಿಕೆ ಬೀಜ ಬಿತ್ತಿ ಹುಲ್ಲುಹಾಸು ಮಾಡಿದ್ದು: ನನ್ನ ಅನುಭವ

ಹಾಸನದ ಬೇಲೂರು ರಸ್ತೆ ಕಡೆ ಮನೆ ಕಟ್ಟಿಸಿದಾಗ ಮುಂದೆ ಸುಮಾರು 1000 ಚದರ ಅಡಿ ಜಾಗ ಉಳಿಯಿತು. ಇಂಟರ್‌ಲಾಕ್ ಕಲ್ಲು ಹಾಕಿಸಿಬಿಡಿ, ಕೆಲಸ ಮುಗೀತು ಅಂದವರೇ ಜಾಸ್ತಿ. ನನಗೆ ಹುಲ್ಲು ಬೇಕಿತ್ತು. ಮಕ್ಕಳು ಓಡಾಡಬೇಕು, ಕ್ರಿಕೆಟ್ ಆಡಬೇಕು, ಮಾರ್ಚ್ ಬಿಸಿಲಿಗೂ ಸಾಯಬಾರದು. ನರ್ಸರಿಯಿಂದ ಚಾಪೆ ತರಹ ಸುತ್ತಿ ತರುವ ಹುಲ್ಲು ಹಾಕಿಸಿದರೆ ಒಂದೇ ದಿನದಲ್ಲಿ ಹಸಿರು. ಆದರೆ ಅದರ ಬೆಲೆ ನನ್ನ ಕೈಗೆ ಎಟುಕಲಿಲ್ಲ. ಹಾಗಾಗಿ ಬೀಜ ಬಿತ್ತೋಣ ಅಂತ ತೀರ್ಮಾನ ಮಾಡಿದೆ.

ಬೀಜದ ಅಂಗಡಿಯಲ್ಲಿ ಮೊದಲು ಕೊಟ್ಟಿದ್ದು ರೈ ಹುಲ್ಲಿನ ಪೊಟ್ಟಣ. ಐದಾರು ದಿನಕ್ಕೆ ಮೊಳಕೆ ಬರುತ್ತೆ, ತುಂಬಾ ಹಸಿರು ಅಂದರು. ಮೊಳಕೆ ಬರುವುದು ನಿಜ. ಆದರೆ ಅದು ಚಳಿ ದೇಶದ ಹುಲ್ಲು. ನಮ್ಮ ಬೇಸಿಗೆಗೆ ತಡೆಯುವುದಿಲ್ಲ. ನಾನು ಕೇಳಿದ್ದು ಬರ್ಮುಡಾ. ಪೊಟ್ಟಣದ ಮೇಲೆ ಈ ಹೆಸರು ನೋಡಿ ಯಾವುದೋ ಹೊಸ ಜಾತಿ ಅಂದುಕೊಳ್ಳಬೇಡಿ. ಹೊಲದ ಬದುವಿನಲ್ಲಿ ಬೆಳೆಯುವ, ಗಣಪತಿಗೆ ಏರಿಸುವ ನಮ್ಮ ಗರಿಕೆಯೇ ಅದು. ಎಷ್ಟೋ ಕ್ರಿಕೆಟ್ ಮೈದಾನಗಳಲ್ಲಿ ಇರುವುದೂ ಇದೇ ಜಾತಿ. ಬಿಸಿಲು, ತುಳಿತ, ಬರ ಮೂರನ್ನೂ ತಡೆಯುತ್ತೆ. ನೆರಳನ್ನು ತಡೆಯುವುದಿಲ್ಲ.

ಮೊದಲ ಸಲ ಬಿತ್ತಿದ್ದು 2022ರ ಮೇನಲ್ಲಿ, ಕೃತ್ತಿಕೆ ಮಳೆಗೆ. ಮಳೆ ಹೇಗೂ ಬರುತ್ತೆ, ನೀರು ಹಾಕುವ ಕೆಲಸ ಉಳಿಯುತ್ತೆ ಅನ್ನುವ ಲೆಕ್ಕ. ನೆಲವನ್ನು ಸುಮ್ನೆ ಮೇಲೆ ಕೆರೆದು ಬೀಜ ಚೆಲ್ಲಿದ್ದೆ. ನಾಲ್ಕನೇ ರಾತ್ರಿ ಜೋರು ಮಳೆ ಬಂತು. ಎರಡು ವಾರ ಕಳೆದ ಮೇಲೆ ನೋಡಿದರೆ ಅಂಗಳವೆಲ್ಲ ಬೋಳು. ಗೇಟಿನ ಮೂಲೆಯಲ್ಲಿ ಮಾತ್ರ ಒಂದು ಮೊರದಷ್ಟು ಜಾಗದಲ್ಲಿ ಹಸಿರು ಒತ್ತೊತ್ತಾಗಿ ಎದ್ದಿತ್ತು. ಬೀಜವೆಲ್ಲ ನೀರಿನ ಜೊತೆ ಹರಿದು ಅಲ್ಲಿ ಸೇರಿತ್ತು. ಬೀಜದ್ದು ಏನೂ ತಪ್ಪಿರಲಿಲ್ಲ. ನೆಲ ಬೀಜವನ್ನು ಹಿಡಿದುಕೊಳ್ಳುವ ಹದದಲ್ಲಿ ಇರಲಿಲ್ಲ, ಅಷ್ಟೇ.

ಆಮೇಲಿನ ಮೂರು ತಿಂಗಳು ನೆಲದ ಕೆಲಸವನ್ನೇ ಮಾಡಿದೆ. ಯಾರು ಕೇಳಿದರೂ ಇದನ್ನೇ ಒತ್ತಿ ಹೇಳುತ್ತೇನೆ. ಮನೆ ಕಟ್ಟಿದ ಜಾಗದಲ್ಲಿ ಮೇಲೆ ಮಣ್ಣು ಕಂಡರೂ ಕೆಳಗೆ ಜಲ್ಲಿ, ಗಾರೆ, ಇಟ್ಟಿಗೆ ಚೂರು ಇರುತ್ತೆ. ಲಾರಿ ಓಡಾಡಿ ನೆಲ ಕಲ್ಲಾಗಿರುತ್ತೆ. ಗುದ್ದಲಿ ಹಾಕಿದರೆ ನಾಲ್ಕು ಇಂಚಿಗೆ ಠಣ್ ಅಂತ ನಿಲ್ಲುತ್ತಿತ್ತು. ಇಬ್ಬರು ಆಳು ಇಟ್ಟುಕೊಂಡು ಒಂದು ಗೇಣಿನಷ್ಟು ಆಳಕ್ಕೆ ಅಗೆಸಿ, ಕಸ ಆರಿಸಿ, ಒಂದು ಟ್ರ್ಯಾಕ್ಟರ್ ಕೆಮ್ಮಣ್ಣು ತರಿಸಿದೆ. ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ಬೆರೆಸಿದೆ. ಹಸಿ ಗೊಬ್ಬರ ಬೇಡವೇ ಬೇಡ. ಅದರ ಜೊತೆ ಹೊಲದ ಕಳೆ ಬೀಜವೆಲ್ಲ ಅಂಗಳಕ್ಕೆ ಬರುತ್ತೆ. ಮನೆ ಗೋಡೆಯಿಂದ ಗೇಟಿನ ಕಡೆಗೆ ಹತ್ತು ಅಡಿಗೆ ಒಂದೂವರೆ ಇಂಚಿನಷ್ಟು ಇಳಿಜಾರು ಕೊಟ್ಟೆ. ಅದಕ್ಕಿಂತ ಜಾಸ್ತಿ ಆದರೆ ಮಣ್ಣು ಕೊಚ್ಚಿ ಹೋಗುತ್ತೆ, ಕಡಿಮೆ ಆದರೆ ನೀರು ನಿಲ್ಲುತ್ತೆ.

ನೆಲ ಸಿದ್ಧವಾದ ತಕ್ಷಣ ಬಿತ್ತಲಿಲ್ಲ. ಮಳೆಗೆ ಹಾಗೇ ಬಿಟ್ಟೆ. ಹದಿನೈದು ದಿನಕ್ಕೆ ಕಳೆ ಎದ್ದಿತು. ಕಾಂಗ್ರೆಸ್ ಗಿಡ, ಮುಟ್ಟಿದರೆ ಮುನಿ, ಎಲ್ಲಕ್ಕಿಂತ ಜಾಸ್ತಿ ತುಂಗೆ. ಕಳೆ ಚಿಕ್ಕದಿರುವಾಗಲೇ ಮೇಲ್ಮೇಲೆ ಕೆರೆದು ತೆಗೆದೆ. ಮತ್ತೆ ಆಳಕ್ಕೆ ಅಗೆಯಲಿಲ್ಲ. ಅಗೆದರೆ ಕೆಳಗೆ ಮಲಗಿರುವ ಬೀಜ ಮೇಲೆ ಬಂದು ಇನ್ನೊಂದು ಪೈರು ಎದ್ದೇಳುತ್ತೆ. ತುಂಗೆಗೆ ಮಾತ್ರ ಈ ಉಪಾಯ ನಡೆಯಲ್ಲ. ಮೇಲೆ ಕಿತ್ತರೆ ಕೆಳಗಿನ ಗಡ್ಡೆ ಮತ್ತೆ ಚಿಗುರುತ್ತೆ. ಒಂದು ಗಿಡದ ದಾರ ಹಿಡಿದು ನಿಧಾನವಾಗಿ ಮಣ್ಣು ಬಿಡಿಸುತ್ತಾ ಹೋದೆ. ಜಪಮಣಿ ತರಹ ಒಂದರ ಹಿಂದೆ ಒಂದು, ಕಪ್ಪು ಗಡ್ಡೆಗಳು ಐದು ಸಿಕ್ಕವು. ದಿನಾ ಬೆಳಿಗ್ಗೆ ಅರ್ಧ ಗಂಟೆ ಅದಕ್ಕೇ ಮೀಸಲು. ಎರಡು ಸುತ್ತು ಕಳೆ ಎಬ್ಬಿಸಿ ತೆಗೆದ ಮೇಲೆ ನೆಲ ಒಂದು ಹದಕ್ಕೆ ಬಂತು.

ಗಣೇಶನ ಹಬ್ಬ ಕಳೆದು ಉತ್ತರೆ ಮಳೆ ಶುರುವಾದಾಗ ಎರಡನೇ ಸಲ ಬಿತ್ತಿದೆ. ಆ ಹೊತ್ತಿಗೆ ನಮ್ಮ ಕಡೆ ಹೊಡೆತದ ಮಳೆ ಕಡಿಮೆಯಾಗಿ, ಬಿಸಿಲು ಮಳೆ ಎರಡೂ ಇರುತ್ತೆ. ಚಳಿ ಬರುವ ಮುಂಚೆ ಎರಡು ತಿಂಗಳು ಸಿಗುತ್ತೆ. ನವೆಂಬರ್‌ವರೆಗೆ ಕಾಯಬೇಡಿ. ರಾತ್ರಿ ತಣ್ಣಗಾದರೆ ಗರಿಕೆ ಬೆಳವಣಿಗೆ ನಿಲ್ಲಿಸಿಬಿಡುತ್ತೆ.

1000 ಚದರ ಅಡಿಗೆ ಮುಕ್ಕಾಲು ಕೆ.ಜಿ. ಸಿಪ್ಪೆ ತೆಗೆದ ಬೀಜ ತಂದಿದ್ದೆ. ಸಿಪ್ಪೆ ಇರುವ ಬೀಜಕ್ಕಿಂತ ಅದು ಬೇಗ ಮೊಳೆಯುತ್ತೆ. ಗರಿಕೆ ಬೀಜ ಒಂದು ಗ್ರಾಮಿಗೆ ಸುಮಾರು 4000 ಇರುತ್ತೆ. ರಾಗಿ ಕಾಳಾದರೆ ಒಂದು ಗ್ರಾಮಿಗೆ ಅದರ ಹತ್ತನೇ ಒಂದು ಭಾಗದಷ್ಟೇ ಇರುತ್ತೆ, ಗರಿಕೆ ಬೀಜ ಅಷ್ಟು ಸಣ್ಣದು. ಅಂಗೈಯಲ್ಲಿ ಹಾಕಿಕೊಂಡರೆ ಬೆರಳ ಸಂದಿನಿಂದ ಜಾರಿ ಹೋಗುತ್ತೆ, ಎಲ್ಲಿ ಬಿತ್ತು ಅಂತಲೂ ಕಾಣಲ್ಲ. ಹೇಗಪ್ಪಾ ಸಮನಾಗಿ ಚೆಲ್ಲುವುದು ಅಂತ ನಿಂತಿದ್ದಾಗ ಊರಿಂದ ಬಂದಿದ್ದ ನಮ್ಮ ಮಾವ ಹೇಳಿದರು: "ರಾಗಿ ಹೆಂಗೆ ಚೆಲ್ತೀವಿ ಅಂತ ನೋಡಿಲ್ವೇನಮ್ಮ? ಮರಳು ಬೆರೆಸ್ಕೋ. ಅರ್ಧ ಹಿಂಗೆ ಉದ್ದಕ್ಕೆ ಚೆಲ್ಲು, ಇನ್ನರ್ಧ ಅಡ್ಡಕ್ಕೆ." "ಆಮೇಲೆ ಮಣ್ಣು ಮುಚ್ಚಬೇಕಾ ಮಾವ?" ಅಂದೆ. "ಮುಚ್ಚಿದ್ರೆ ಮೇಲೆ ಬರೋ ಶಕ್ತಿ ಅದಕ್ಕೆಲ್ಲಿದೆ? ಸವರು ಸಾಕು."

ಹಾಗೇ ಮಾಡಿದೆ. ಒಂದು ಬಕೆಟ್ ಒಣ ಮರಳಿಗೆ ಬೀಜ ಕಲಸಿ ಎರಡು ಪಾಲು ಮಾಡಿ, ಉದ್ದಕ್ಕೊಂದು ಅಡ್ಡಕ್ಕೊಂದು ಚೆಲ್ಲಿದೆವು. ಹುಣಸೆ ಬರಲಿನಿಂದ ಮೇಲೆ ಮೇಲೆ ಎಳೆದೆವು. ಕಾಲು ಇಂಚಿಗಿಂತ ಆಳಕ್ಕೆ ಬೀಜ ಹೋಗಬಾರದು. ಆಮೇಲೆ ಒಂದು ಹಲಗೆ ಇಟ್ಟು ಅದರ ಮೇಲೆ ನಡೆದು, ಮುಂದೆ ಸರಿಸಿ, ಮತ್ತೆ ನಡೆದು ಪೂರ್ತಿ ಅಂಗಳ ಅದುಮಿದೆವು. ಬೀಜಕ್ಕೂ ಮಣ್ಣಿಗೂ ಅಂಟು ಇರಬೇಕು. ಮೊದಲ ಸಲ ನಾನು ಬಿಟ್ಟಿದ್ದು ಇದನ್ನೇ. ಮೇಲೆ ಭತ್ತದ ಹುಲ್ಲನ್ನು ತೆಳ್ಳಗೆ, ಮಣ್ಣು ಅಲ್ಲಲ್ಲಿ ಕಾಣುವಷ್ಟು ಹರಡಿದೆ. ಮಾರನೇ ದಿನ ಇರುವೆ ಸಾಲು ಬೀಜ ಹೊತ್ತುಕೊಂಡು ಹೋಗುತ್ತಿತ್ತು. ಅವುಗಳ ಗೂಡಿನ ಬಾಯಿಗೆ ಒಂದು ಹಿಡಿ ಅಕ್ಕಿ ನುಚ್ಚು ಹಾಕಿದೆ. ಹತ್ತಿರದಲ್ಲೇ ಸಿಕ್ಕಿತು ಅಂತ ಅದನ್ನೇ ಸಾಗಿಸಿದವು.

ಮೊದಲ ಎರಡು ವಾರ ಮಣ್ಣಿನ ಮೇಲ್ಭಾಗ ಒಂದು ಗಂಟೆಯೂ ಒಣಗಬಾರದು. ಮಳೆ ಇಲ್ಲದ ದಿನ ಮೂರು ನಾಲ್ಕು ಸಲ, ಕಾಫಿ ನರ್ಸರಿಯವರು ಬಳಸುವ ರೋಸ್ ಕ್ಯಾನ್‌ನಲ್ಲಿ (ಮೂತಿಯಲ್ಲಿ ಸಣ್ಣ ತೂತುಗಳಿರುವ ನೀರಿನ ಡಬ್ಬಿ) ಹನಿಸಿದೆ. ಪೈಪ್ ಹಿಡಿದರೆ ಬೀಜ ಕಿತ್ತು ಹೋಗುತ್ತೆ. ಎಂಟನೇ ದಿನ ಬೆಳಿಗ್ಗೆ ಮಂಡಿಯೂರಿ ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ ನೋಡಿದೆ. ನಿಂತರೆ ಏನೂ ಕಾಣದು. ಬಗ್ಗಿದಾಗ ಮಾತ್ರ ಸೂಜಿಗಿಂತ ಸಣ್ಣ, ತಿಳಿ ಹಸಿರು ಎಳೆಗಳು, ತುದಿಯಲ್ಲಿ ಒಂದೊಂದು ಹನಿ ನೀರು. ಮನೆಯವರನ್ನೆಲ್ಲ ಕರೆದು ಬಗ್ಗಿಸಿ ತೋರಿಸಿದೆ.

ಮೂರನೇ ವಾರದಿಂದ ನೀರಿನ ಲೆಕ್ಕವನ್ನೇ ತಿರುಗಿಸಿದೆ. ದಿನಕ್ಕೊಂದು ಸಲ, ಆಮೇಲೆ ಎರಡು ದಿನಕ್ಕೊಂದು ಸಲ, ಆಮೇಲೆ ನಾಲ್ಕು ದಿನಕ್ಕೆ. ಹಾಕಿದಾಗ ಮಾತ್ರ ಅರ್ಧ ಅಡಿ ಇಳಿಯುವಷ್ಟು. ದಿನಾ ಚುಮುಕಿಸಿದರೆ ಬೇರು ಮೇಲೇ ಉಳಿಯುತ್ತೆ. ಕೆಳಗೆ ನೀರಿದ್ದು ಮೇಲೆ ಒಣಗಿದರೆ ಬೇರು ಹುಡುಕಿಕೊಂಡು ಇಳಿಯುತ್ತೆ. ಹುಲ್ಲು ಗಟ್ಟಿಯಾಗುವುದು ಇಲ್ಲೇ. ಎಷ್ಟೋ ಜನ ಪ್ರೀತಿಯಿಂದ ದಿನಾ ಸಂಜೆ ನೀರು ಹಾಕಿ ಹಾಕಿ ಹುಲ್ಲನ್ನು ಸುಕುಮಾರ ಮಾಡಿಬಿಡುತ್ತಾರೆ.

ಎರಡು ಇಂಚು ದಾಟಿದಾಗ ಒಂದೂವರೆ ಇಂಚಿಗೆ ಕತ್ತರಿಸಿದೆ. ಬೆಳೆದದ್ದರ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಸಲ ತೆಗೆಯಬಾರದು. ಕತ್ತರಿಸಿದ ಮೇಲೆ ಗರಿಕೆ ಮೇಲೆ ಹೋಗುವುದು ಬಿಟ್ಟು ಪಕ್ಕಕ್ಕೆ ಬಳ್ಳಿ ಬಿಡುತ್ತೆ, ಗಿಣ್ಣು ಗಿಣ್ಣಿಗೂ ಬೇರೂರುತ್ತೆ. ಆರನೇ ವಾರ ಅರ್ಧ ಕೆ.ಜಿ. ಯೂರಿಯಾವನ್ನು ಅಂಗಳಕ್ಕೆಲ್ಲ ತೆಳ್ಳಗೆ ಚೆಲ್ಲಿ, ಕೂಡಲೇ ನೀರು ಹಾಕಿ ಎಲೆ ತೊಳೆದೆ. ಡಿಸೆಂಬರ್ ಹೊತ್ತಿಗೆ ಬೋಳು ಜಾಗ ಮುಚ್ಚಿತ್ತು. ಹಲಸಿನ ಮರದ ಬುಡ ಒಂದು ಬಿಟ್ಟು. ಅಲ್ಲಿ ಎರಡು ಸಲ ಬಿತ್ತಿದರೂ ನೆರಳಿಗೆ ಹಿಡಿಯಲಿಲ್ಲ. ಅಲ್ಲಿಗೆ ಒಂದೆಲಗ ನೆಟ್ಟೆ, ತಂಬುಳಿಗಾಯಿತು. ಬೇಲಿ ಪಕ್ಕ ಒಂದಡಿ ಅಗಲ ಹುಲ್ಲನ್ನು ಕತ್ತರಿಸದೆ ಬಿಡುತ್ತೇನೆ. ಹಬ್ಬಕ್ಕೆ ಉದ್ದನೆಯ ಗರಿಕೆ ಬೇಕಲ್ವಾ? ಬೀದಿಯ ಅರ್ಧ ಮನೆಗಳಿಗೆ ಅಲ್ಲಿಂದಲೇ ಹೋಗುತ್ತೆ.

ಮೊದಲ ಬೇಸಿಗೆಯಲ್ಲಿ ಹತ್ತು ದಿನಕ್ಕೊಂದು ಸಲ ಮಾತ್ರ ನೀರು ಕೊಟ್ಟೆ. ಬಣ್ಣ ಮಾಸಿತು, ಸಾಯಲಿಲ್ಲ. ಏಪ್ರಿಲ್‌ನಲ್ಲಿ ನಲ್ಲಿ ಪೈಪ್ ಒಡೆದು ಅಂಗಳದ ನಡುವೆ ಅಗೆಸಬೇಕಾಯಿತು. ಎತ್ತಿದ ಹೆಂಟೆಯನ್ನು ತಿರುಗಿಸಿ ನೋಡಿದೆ. ಬಿಳಿ ಬೇರು ನೂಲಿನ ಹಾಗೆ ಜೋತಾಡುತ್ತಿತ್ತು. ಗುಂಡಿಯ ಗೋಡೆಯಲ್ಲೂ ನಾವು ಹದ ಮಾಡಿದ್ದ ಒಂದು ಗೇಣು ದಾಟಿ, ಕೆಳಗಿನ ಗಟ್ಟಿ ನೆಲದ ಬಿರುಕಿಗೂ ಇಳಿದಿತ್ತು. ಪೈಪ್ ಸರಿ ಮಾಡಿಸಿ, ಹೆಂಟೆಯನ್ನು ಮೊದಲಿನ ಹಾಗೇ ಕೂರಿಸಿ, ತುಳಿದು, ಎರಡು ಬಿಂದಿಗೆ ನೀರು ಹಾಕಿದೆ. ರೋಹಿಣಿ ಮಳೆ ಬಂದ ಮೇಲೆ ಎಲ್ಲಿ ಅಗೆದಿದ್ದು ಅಂತ ನನಗೇ ಗುರುತು ಸಿಗಲಿಲ್ಲ.