ರಾಣಿ ಇಲ್ಲದ ಬರ್ಲಿನ್

ಚೆಸ್ ಆಟದ ಎಂಟನೇ ನಡೆಗೇ ಎರಡೂ ರಾಣಿಗಳು ಬೋರ್ಡಿನಿಂದ ಹೊರಗೆ. ನನ್ನ ಕಪ್ಪು ರಾಜ ಡಿ8 ಮನೆಯಲ್ಲಿ ನಿಂತಿದ್ದ, ಇನ್ನು ಕ್ಯಾಸಲಿಂಗ್ (ಆನೆಯ ಜೊತೆ ರಾಜನನ್ನು ಬದಿಗೆ ಸರಿಸಿ ಕಾಪಾಡುವ ನಡೆ) ಇಲ್ಲ. ಸಿ ಸಾಲಿನಲ್ಲಿ ಒಂದರ ಹಿಂದೆ ಒಂದು ಎರಡು ಪಾನ್ (ಕಾಲಾಳು). ಅಲ್ಲಿಯವರೆಗಿನ ನಡೆಗಳೆಲ್ಲ ನನಗೆ ಬಾಯಿಪಾಠ ಆಗಿದ್ದವು. ಒಂಬತ್ತನೇ ನಡೆ ಬಂತು, ಮುಂದೇನು ಅಂತ ಗೊತ್ತೇ ಆಗಲಿಲ್ಲ.

ಕಾಯಿ ಕಡಿಮೆಯಾದಷ್ಟೂ ಡ್ರಾ ಹತ್ತಿರ ಅಂದುಕೊಂಡು ಸಿಕ್ಕಸಿಕ್ಕ ಕಾಯಿಗಳನ್ನೆಲ್ಲ ಬದಲಿಸಿಕೊಂಡೆ. ನಲವತ್ತನೇ ನಡೆಯ ಹೊತ್ತಿಗೆ ಎದುರಾಳಿಯ ಇ ಪಾನ್ ರಾಣಿಯಾಗಲು ಹೊರಟಿತ್ತು. ತಡೆಯಲು ನನ್ನ ಹತ್ತಿರ ಯಾರೂ ಉಳಿದಿರಲಿಲ್ಲ.

ನಾನು ಆಡಿದ್ದು ಬರ್ಲಿನ್ ಡಿಫೆನ್ಸ್, ಕಪ್ಪು ಕಾಯಿಯವರು ಆಡುವ ಒಂದು ಓಪನಿಂಗ್, ಅಂದರೆ ಆಟದ ಮೊದಲ ನಡೆಗಳ ಕ್ರಮ. ದೊಡ್ಡ ಆಟಗಾರರು ಆಡುತ್ತಾರೆ, ಹಾಗಾಗಿ ಒಳ್ಳೆಯದೇ ಇರಬೇಕು ಅನ್ನುವುದು ನನ್ನ ಲೆಕ್ಕ. ಅವರು ಅದನ್ನು ಯಾಕೆ ಆರಿಸುತ್ತಾರೆ ಅಂತ ನಾನು ಕೇಳಿಕೊಂಡೇ ಇರಲಿಲ್ಲ.

ಸೋತ ಮೇಲೆ 2000ದ ಲಂಡನ್ ಮ್ಯಾಚ್ ತೆಗೆದು ಕೂತೆ. ಕ್ರಾಮ್ನಿಕ್ ಕ್ಯಾಸ್ಪರೋವ್‌ರಿಂದ ವಿಶ್ವ ಚಾಂಪಿಯನ್ ಪಟ್ಟ ಪಡೆದ ಮ್ಯಾಚ್ ಅದು. ಅದರ ಕೆಲವು ಆಟಗಳಲ್ಲಿ ಕ್ರಾಮ್ನಿಕ್ ಕಪ್ಪು ಹಿಡಿದು ಬರ್ಲಿನ್ ಆಡಿದರು. ಕ್ಯಾಸ್ಪರೋವ್ ಬಿಳಿ ಕಾಯಿ ಹಿಡಿದು ಒಂದು ಆಟವನ್ನೂ ಗೆಲ್ಲಲಿಲ್ಲ. ಕ್ರಾಮ್ನಿಕ್ ಎರಡು ಆಟ ಗೆದ್ದರು, ಎರಡೂ ಬಿಳಿಯಲ್ಲಿ. ಉಳಿದ 13 ಡ್ರಾ, ಒಟ್ಟು 8.5–6.5. ಕಪ್ಪಿನಲ್ಲಿ ಡ್ರಾ ಮಾಡು, ಬಿಳಿಯಲ್ಲಿ ಗೆಲ್ಲು: ಇಂಥ ಮ್ಯಾಚ್‌ನಲ್ಲಿ ಅಷ್ಟು ಸಾಕು. ಜೊತೆಗೆ ಕ್ಯಾಸ್ಪರೋವ್ ಅಂದರೆ ದಾಳಿ. ರಾಣಿ ಬೋರ್ಡಿನ ಮೇಲಿದ್ದರೆ ಅವರನ್ನು ಹಿಡಿಯುವುದು ಕಷ್ಟ. ಕ್ರಾಮ್ನಿಕ್ ಎಂಟನೇ ನಡೆಗೇ ರಾಣಿಯನ್ನು ತೆಗೆಸಿಬಿಟ್ಟರು. ಆ ಎದುರಾಳಿಗೆ, ಆ ಮ್ಯಾಚ್‌ಗೆ ಹೊಲಿಸಿದ ಅಂಗಿಯ ಹಾಗಿತ್ತು ಆ ಓಪನಿಂಗ್.

ಆಮೇಲೆ ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ಪ್ರೋಗ್ರಾಂ) ಮುಚ್ಚಿ, ನಿಜವಾದ ಬೋರ್ಡ್ ತೆಗೆದೆ. ಬರ್ಲಿನ್ ಎಂಡ್‌ಗೇಮ್, ಅಂದರೆ ರಾಣಿಗಳು ಹೋದ ಮೇಲಿನ ಸ್ಥಿತಿ, ಜೋಡಿಸಿ ರಾಜ, ಪಾನ್ ಬಿಟ್ಟು ಉಳಿದದ್ದೆಲ್ಲ ಎತ್ತಿಟ್ಟೆ. ರಾಜನ ಕಡೆ (ಬೋರ್ಡಿನ ಇಯಿಂದ ಎಚ್‌ವರೆಗಿನ ಅರ್ಧ) ಬಿಳಿಗೆ ನಾಲ್ಕು ಪಾನ್, ಕಪ್ಪಿಗೆ ಮೂರು. ಇನ್ನೊಂದು ಕಡೆ ಕಪ್ಪಿಗೆ ನಾಲ್ಕು, ಬಿಳಿಗೆ ಮೂರು. ಎಣಿಸಿದರೆ ಸರಿಸಮ. ಆದರೆ ಕಪ್ಪಿನ ನಾಲ್ಕರಲ್ಲಿ ಎರಡು ಒಂದೇ ಸಾಲಿನಲ್ಲಿವೆ. ಅವುಗಳಿಂದ ಎದುರಿನ ಪಾನ್‌ಗಳನ್ನು ದಾಟಿಸಿ ಒಂದು ಪಾನನ್ನು ರಾಣಿಯಾಗಲು ಕಳಿಸುವುದು ಆಗುವುದಿಲ್ಲ. ಬಿಳಿಗೆ ಆಗುತ್ತದೆ. ಎರಡೂ ಕಡೆ ನಾನೇ ಆಡಿದೆ, ಬಿಳಿಯೇ ಗೆಲ್ಲುತ್ತಾ ಹೋಯಿತು. ಎಲ್ಲ ಕಾಯಿ ಬದಲಿಸಿದರೆ ಬರ್ಲಿನ್ ಸೋಲುತ್ತದೆ. ನಾನು ಮಾಡಿದ್ದೇ ಅದು!

ಈಗ ಕಪ್ಪಿನ ಬಿಳಿಮನೆ ಬಿಷಪ್ (ಬಿಳಿ ಮನೆಗಳಲ್ಲಷ್ಟೇ ಓಡಾಡುವುದು) ಮತ್ತು ಬಿಳಿಯ ಕಪ್ಪುಮನೆ ಬಿಷಪ್ ವಾಪಸ್ ಇಟ್ಟೆ. ಚಿತ್ರವೇ ಬದಲಾಯಿತು. ಇ6, ಎಫ್5 ಎರಡೂ ಬಿಳಿ ಮನೆಗಳು. ಅಲ್ಲಿ ನನ್ನ ರಾಜನೋ ಬಿಷಪ್ಪೋ ಕೂತರೆ ಬಿಳಿಯ ಪಾನ್‌ಗಳು ಕದಲುವುದೇ ಕಷ್ಟ. ಆ ಮನೆಗಳನ್ನು ಮುಟ್ಟುವ ಬಿಷಪ್ ಬಿಳಿಯ ಹತ್ತಿರ ಇಲ್ಲ, ಆರನೇ ನಡೆಯಲ್ಲೇ ಸಿ6ರ ಕುದುರೆಗೆ ಬದಲಾಗಿ ಕೊಟ್ಟಾಗಿದೆ. ಅಂದರೆ ಕಾಪಾಡಬೇಕಾದ ಕಾಯಿ ಯಾವುದು ಅನ್ನುವುದು ಓಪನಿಂಗ್‌ನಲ್ಲೇ ತೀರ್ಮಾನ ಆಗಿರುತ್ತದೆ. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

ಆಮೇಲೆ ಬೇರೆ ಓಪನಿಂಗ್‌ಗಳನ್ನೂ ಇದೇ ಕಣ್ಣಿನಿಂದ ನೋಡತೊಡಗಿದೆ. 2018ರ ವಿಶ್ವ ಚಾಂಪಿಯನ್‌ಶಿಪ್ ಮ್ಯಾಚ್‌ನಲ್ಲಿ ಕರುವಾನಾ ಎದುರು ಕಾರ್ಲ್‌ಸನ್ ಕಪ್ಪಿನಲ್ಲಿ ಸ್ವೆಶ್ನಿಕೋವ್ ಅನ್ನುವ ಓಪನಿಂಗ್ ಆಡಿದರು. ಅದರಲ್ಲಿ ಡಿ5 ಮನೆ ಕಪ್ಪಿನ ಕೈತಪ್ಪುತ್ತದೆ, ಮೇಲ್ನೋಟಕ್ಕೆ ದೊಡ್ಡ ತೂತು. ಅದಕ್ಕೆ ಬದಲಾಗಿ ಕಾಯಿಗಳು ಚುರುಕಾಗಿ ಓಡಾಡುತ್ತವೆ. ಬಿಳಿಯವರು ಆಡುವ ಕಿಂಗ್ಸ್ ಗ್ಯಾಂಬಿಟ್‌ನಲ್ಲಿ ಹಾಗಲ್ಲ. ಎರಡನೇ ನಡೆಯಲ್ಲೇ ಎಫ್ ಪಾನ್ ಮುಂದೆ ಹೋಗುತ್ತದೆ, ಸ್ವಂತ ರಾಜನ ಬಾಗಿಲು ತೆರೆದುಕೊಳ್ಳುತ್ತದೆ. ಎದುರಾಳಿ ತಡವರಿಸಿದರೆ ಸೊಗಸಾದ ಆಟ. ಈ ಕಾಲದ ಗ್ರ್ಯಾಂಡ್‌ಮಾಸ್ಟರ್ ತಡವರಿಸುವುದಿಲ್ಲ, ಮನೆಯಲ್ಲೇ ಎಂಜಿನ್ ಜೊತೆ ಕೂತು ಉತ್ತರ ಕಂಡುಕೊಂಡಿರುತ್ತಾರೆ. ಅದಕ್ಕೇ ಮೇಲಿನ ಮಟ್ಟದಲ್ಲಿ ಅದು ಅಪರೂಪ.

ಆದರೆ ಎಂಜಿನ್ ಕೊಡುವ ಅಂಕಿಯೊಂದೇ ನೋಡಿ ಅವರು ಆರಿಸುವುದಿಲ್ಲ. 2023ರ ವಿಶ್ವ ಚಾಂಪಿಯನ್‌ಶಿಪ್ ಮ್ಯಾಚ್‌ನ ಆರನೇ ಆಟದಲ್ಲಿ ಡಿಂಗ್ ಲಿರೆನ್ ಲಂಡನ್ ಸಿಸ್ಟಮ್ ಅನ್ನುವ ಓಪನಿಂಗ್ ಆಡಿ ನೆಪೊಮ್ನಿಯಾಶಿಯನ್ನು ಸೋಲಿಸಿದರು. 2024ರ ಮ್ಯಾಚ್‌ನ ಮೊದಲ ಆಟದಲ್ಲಿ ಕಪ್ಪು ಹಿಡಿದು ಗುಕೇಶ್ ಎದುರು ಫ್ರೆಂಚ್ ಡಿಫೆನ್ಸ್ ಆಡಿದರು, ಅದನ್ನೂ ಗೆದ್ದರು. ಎದುರಾಳಿ ತಿಂಗಳುಗಟ್ಟಲೆ ಯಾವುದಕ್ಕೆ ತಯಾರಾಗಿ ಬಂದಿರಬಹುದು ಅಂತ ಯೋಚಿಸಿ, ಆ ದಾರಿಯನ್ನೇ ಬಿಟ್ಟು ಪಕ್ಕದ ದಾರಿ ಹಿಡಿಯುವುದೂ ಒಂದು ದೊಡ್ಡ ಕಾರಣ. ನಮ್ಮ ಮಟ್ಟದಲ್ಲಿ ಯಾರೂ ನಮಗಾಗಿ ಅಷ್ಟು ತಯಾರಿ ಮಾಡುವುದಿಲ್ಲ, ಅಲ್ವಾ? ಹಾಗಾಗಿ ಈ ಕಾರಣವನ್ನು ನಾನು ಪಕ್ಕಕ್ಕಿಟ್ಟೆ.

ನನಗೆ ಉಳಿದದ್ದು ಒಂದು ಅಭ್ಯಾಸ. ಹೊಸ ಓಪನಿಂಗ್ ಕಲಿಯುವಾಗ ನಡೆಗಳನ್ನು ಬರೆದುಕೊಳ್ಳುವ ಮೊದಲು ಹದಿನೈದನೇ ನಡೆಯ ಹೊತ್ತಿಗೆ ಪಾನ್‌ಗಳು ಎಲ್ಲಿರುತ್ತವೆ ಅಂತ ಚಿತ್ರ ಬರೆಯುತ್ತೇನೆ. ಪಕ್ಕದಲ್ಲಿ ಎರಡು ಸಾಲು: ಯಾವ ಕಾಯಿ ಬದಲಿಸಬೇಕು, ಯಾವುದನ್ನು ಬದಲಿಸಲೇಬಾರದು. ಆ ಸಾಲು ತುಂಬಲು ಆಗದಿದ್ದರೆ ಆ ಓಪನಿಂಗ್ ನನಗಲ್ಲ. ಹೀಗೆ ಎರಡು ಓಪನಿಂಗ್ ಬಿಟ್ಟೆ, ಬರ್ಲಿನ್ ಇಟ್ಟುಕೊಂಡೆ.

ಕೆಲವು ತಿಂಗಳ ನಂತರ ಮತ್ತೆ ಅದೇ ಸ್ಥಿತಿ ಬಂತು. ರಾಜ ಡಿ8ರಲ್ಲಿ, ಸಿ ಸಾಲಿನಲ್ಲಿ ಎರಡು ಪಾನ್. ಎದುರಾಳಿ ತಮ್ಮ ಕುದುರೆ ಕೊಟ್ಟು ನನ್ನ ಬಿಳಿಮನೆ ಬಿಷಪ್ ತೆಗೆಯಲು ಎರಡು ಸಲ ಬಂದರು. ಎರಡು ಸಲವೂ ಅದನ್ನು ಹಿಂದಕ್ಕೆ ಎಳೆದುಕೊಂಡೆ. ಕೊನೆಗೆ ಅದು ಇ6ರಲ್ಲಿ ಕೂತಿತು, ಇ5ರ ಪಾನ್ ಅಲ್ಲೇ ನಿಂತಿತು. ಐವತ್ತೆರಡನೇ ನಡೆಯಲ್ಲಿ ಅವರು ತಲೆಯೆತ್ತಿ ನೋಡಿ, ಡ್ರಾಗೆ ಕೈ ಚಾಚಿದರು.