ಗೋಡೆಯ ತುಡುವೆಯನ್ನು ಪೆಟ್ಟಿಗೆಗೆ ಹತ್ತಿಸಿದ್ದು

ಚಿರೆಕಲ್ಲಿನ ಗೋಡೆಯೊಳಗೆ ಕೂತ ತುಡುವೆ ಜೇನಿನ ಕುಟುಂಬವನ್ನು ಗೋಡೆ ಒಡೆಯದೆ ತೆಗೆಯಲಾಗದು ಎಂದು ನಮ್ಮ ಶಿರಸಿ ಕಡೆಯ ಜೇನಿನವರೆಲ್ಲ ನಕ್ಕಿದ್ದರು. ನಾಲ್ಕು ವರ್ಷಗಳಲ್ಲಿ ಹತ್ತಿರ ಹತ್ತಿರ ಇಪ್ಪತ್ತು ಕುಟುಂಬ ತೆಗೆದಿದ್ದೇನೆ, ಪ್ರತಿ ಸಲ ಒಂದೇ ಕಲ್ಲು ಎತ್ತಿ.

ಮೊದಲ ಸಲ ನಡುಹಗಲಲ್ಲಿ ಹೊಗೆ ತಿದಿ ಹಿಡಿದು ಸಿಕ್ಕಾಪಟ್ಟೆ ಒತ್ತಿದೆ. ಹುಳಗಳೆಲ್ಲ ಬೆಳಕಿನತ್ತ ನುಗ್ಗಿ ಹೊರಬಿದ್ದು, ಹಲಸಿನ ತುದಿಯಲ್ಲಿ ಗಳಿಗೆ ಹೊತ್ತು ಕೂತು, ಹಾರಿಹೋದವು. ಸಾವಿರದ ಎಂಟುನೂರರ ಪೆಟ್ಟಿಗೆ ಗೆದ್ದಲಿಗೆ ಊಟವಾಯಿತು. ಎರಡನೆಯ ಸಲ ರಾತ್ರಿ ಹೋದೆ. ಟಾರ್ಚಿಗೇ ಮುತ್ತಿದವು, ಮುಂಗೈ ಊದಿ ಎರಡು ದಿನ ಅಡಿಕೆ ಸುಲಿಯಲಾಗಲಿಲ್ಲ. ಈಗ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತುತ್ತೇನೆ. ಜೇನಿನ ಕಣ್ಣಿಗೆ ಕೆಂಪೆಂದರೆ ಕತ್ತಲೆಯೇ.

ಈಗ ಹೊತ್ತು ಮುಳುಗುವಾಗ ಶುರು. ಗೂಡಿನ ನೆತ್ತಿಯ ಕಲ್ಲು ತೆಗೆದು, ತೂತಿನ ಮೇಲೆ ಅಡಿಹಲಗೆ ಇಲ್ಲದ ಸಂಸಾರ ಕೋಣೆ (ಪೆಟ್ಟಿಗೆಯಲ್ಲಿ ರಾಣಿ, ಮರಿಗಳಿರುವ ಭಾಗ) ಕೂರಿಸಿ, ಸಂದಿಗೆ ಸಗಣಿಮಣ್ಣು ಮೆತ್ತುತ್ತೇನೆ. ಒಳಗೆ ಬೆಳಕಿನ ಎಳೆಯೂ ಇರಬಾರದು. ಬೇರೆ ಪೆಟ್ಟಿಗೆಯ ಮರಿ ಇರುವ ಒಂದು ಎರಿ (ಮೇಣದ ತಟ್ಟೆ) ಒಳಗಿರಬೇಕು. ಕೆಳಗಿನ ಹಳೆಯ ಬಾಗಿಲಿಗೆ ತೆಂಗಿನ ಸಿಪ್ಪೆಯ ಹೊಗೆ ಎರಡೇ ಸಲ. ಆಮೇಲೆ ಕೋಲಿನಿಂದ ಕಲ್ಲನ್ನು ತಟ್ಟುವುದು, ಮಲಗಿದವರ ಮನೆಯ ಕದ ತಟ್ಟಿದ ಹಾಗೆ, ಅರ್ಧ ಗಂಟೆ ಬಿಡದೆ. ಹುಳ ಕತ್ತಲೆಯತ್ತ, ಮೇಲಕ್ಕೆ ನಡೆಯುತ್ತವೆ. ಪೆಟ್ಟಿಗೆಗೆ ಕಿವಿ ಹಚ್ಚಿದರೆ ಸೋಗೆಯ ಮೇಲೆ ಜಿಟಿ ಮಳೆ ಬಿದ್ದಂಥ ಸದ್ದು.

ಕೆಳಗೂ ಒಂದು ಪೆಟ್ಟಿಗೆ ಇಟ್ಟು ಮೂರು ಸಲ ನೋಡಿದೆ. ಎರಡು ಸಲ ಎಲ್ಲವೂ ಮೇಲಿನದಕ್ಕೇ ಹೋದವು. ಮೂರನೆಯ ಸಲ ಇರುವೆ ನುಗ್ಗಿ ಎರಡೂ ಕೆಟ್ಟವು.

ರಾಣಿ ಬಂದಳೇ ಎಂದು ಎರಿ ಎತ್ತಿ ಹುಡುಕಬೇಡಿ. ಬೆಳಿಗ್ಗೆ ಪೆಟ್ಟಿಗೆಗೆ ಅಡಿಹಲಗೆ ಹಾಕಿ ಪಕ್ಕದಲ್ಲೇ ಇಡಿ. ಏಳೆಂಟು ಕೆಲಸಗಾರ ಹುಳ ಬಾಗಿಲಲ್ಲಿ ತಲೆ ತಗ್ಗಿಸಿ, ಹಿಂಭಾಗ ಎತ್ತಿ ರೆಕ್ಕೆ ಬೀಸುತ್ತಿದ್ದರೆ ಹೆಚ್ಚಾಗಿ ಅವಳು ಒಳಗಿದ್ದಾಳೆ. ಉಳಿದವುಗಳನ್ನು ವಾಸನೆಯಿಂದ ಕರೆಯುತ್ತಿವೆ. ರಾಣಿ ಹೊರಹೋಗದಂತೆ ಬಾಗಿಲಿಗೆ ರಾಣಿ ತಡೆ ಐದಾರು ದಿನ ಹಾಕಿಡಿ. ಗೋಡೆಯೊಳಗೆ ಕೈಗೆಟುಕಿದ ಮರಿ ಎರಿಯನ್ನು ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ. ಇಷ್ಟಾದರೂ ಆರು ಕುಟುಂಬ ತಿಂಗಳೊಳಗೆ ಬಿಟ್ಟುಹೋದವು.

ಪೆಟ್ಟಿಗೆಯ ಒಳಮೈಗೆ ಹಳೆಯ ಮೇಣ ಸವರುವುದು ಎಲ್ಲರಿಗೂ ಗೊತ್ತು. ಅದರ ಜೊತೆ ನಾನು ಉಜ್ಜುವ ಸೊಪ್ಪು ಯಾವುದೆಂದು ಮನೆಯಾಕೆಗೂ ಹೇಳಿಲ್ಲ.

ಗೋಡೆಯವರು ಕೊಟ್ಟರೆ ಐನೂರು, ಇಲ್ಲವಾದರೆ ಒಂದು ಊಟ. ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಮಾವ ಕಳೆದ ತಿಂಗಳು ತಮ್ಮ ಕೊಟ್ಟಿಗೆ ಗೋಡೆಗೆ ನನ್ನನ್ನೇ ಕರೆಸಿದರು. ಅವರಿಂದ ಊಟವನ್ನೂ ಐನೂರನ್ನೂ ಎರಡನ್ನೂ ಪಡೆದೆ.