ಕ್ಯಾಪ್ಟನ್ ಅಂದರೆ ಲಿಂಕನ್: ಅಷ್ಟಕ್ಕೇ ಉತ್ತರ ಮುಗಿಯದು

ಪರೀಕ್ಷೆ ಹತ್ತಿರ ಬಂತೆಂದರೆ ಹಾಸನದ ಜೆರಾಕ್ಸ್ ಅಂಗಡಿಗಳಲ್ಲಿ ಒಂದೇ ನೋಟ್ಸ್ ಕೈಯಿಂದ ಕೈಗೆ ಓಡಾಡುತ್ತದೆ. ಅಮೆರಿಕದ ಕವಿ ವಾಲ್ಟ್ ವಿಟ್ಮನ್ ಬರೆದ ‘ಓ ಕ್ಯಾಪ್ಟನ್! ಮೈ ಕ್ಯಾಪ್ಟನ್!’ ಚರಮಗೀತೆಗೆ ಅದರಲ್ಲಿರುವುದು ಒಂದೇ ಸಾಲು: ಹಡಗು ದೇಶ, ಕ್ಯಾಪ್ಟನ್ ಲಿಂಕನ್, ಪಯಣ ಅಂತರ್ಯುದ್ಧ. ಅಲಂಕಾರಗಳನ್ನು ವಿವರಿಸಿ ಎಂದು ಕೇಳಿದರೆ ಮಕ್ಕಳು ಇದನ್ನೇ ಹಿಗ್ಗಿಸಿ ಎರಡು ಪುಟ ತುಂಬಿಸುತ್ತಾರೆ. ಕ್ಯಾಪ್ಟನ್ ಎಂದರೆ ಕ್ರಿಕೆಟ್ ತಂಡದವನು ಎಂದು ಬರೆದವರೂ ಉಂಟು.

ಉತ್ತರದಲ್ಲಿ ಮೊದಲು ಚರಿತ್ರೆ, ಎರಡೇ ವಾಕ್ಯ. ಅಮೆರಿಕದ ಅಂತರ್ಯುದ್ಧದಲ್ಲಿ 1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾಪತಿ ಲೀ ಶರಣಾದ; 14ರ ರಾತ್ರಿ ವಾಷಿಂಗ್ಟನ್ನಿನ ಫೋರ್ಡ್ ರಂಗಮಂದಿರದಲ್ಲಿ ಅಧ್ಯಕ್ಷ ಲಿಂಕನ್‌ಗೆ ಗುಂಡೇಟು ಬಿದ್ದು, ಮರುದಿನ ಬೆಳಿಗ್ಗೆ ಪ್ರಾಣ ಹೋಯಿತು. ಗೆಲುವಿನ ಬೆನ್ನಿಗೇ ಸಾವು. ಜನ್ಮಸ್ಥಳ, ಬಾಲ್ಯ, ಬಡತನ ಯಾವುದೂ ಬೇಡ.

ಆಮೇಲೆ ಯಾವುದಕ್ಕೆ ಯಾವುದು ಎಂಬ ಪಟ್ಟಿ. ಮೂರು ಸಾಲು ಸಾಕು.

ಈಗ ಎಲ್ಲರೂ ಎಡವುವ ಜಾಗ: ಅಲಂಕಾರದ ಹೆಸರು ಹೇಳಿ ಕೈತೊಳೆದುಕೊಳ್ಳದೆ, ಅದು ಮಾಡುವ ಕೆಲಸವನ್ನು ತೋರಿಸುವುದು. ಲಿಂಕನ್ ಹೆಸರು ಕವಿತೆಯೊಳಗೆ ಎಲ್ಲಿಯೂ ಇಲ್ಲ. ಉಪಮೇಯವನ್ನು (ಇಲ್ಲಿ ಲಿಂಕನ್) ನುಂಗಿ ಉಪಮಾನವಷ್ಟೇ (ಇಲ್ಲಿ ಕ್ಯಾಪ್ಟನ್) ನಿಂತರೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಅದು ರೂಪಕಾತಿಶಯೋಕ್ತಿ. ಬರಿಯ ರೂಪಕ ಎಂದು ಬರೆದರೂ ನಾನು ಅಂಕ ಕತ್ತರಿಸುವುದಿಲ್ಲ. ಹೆಸರು ಏಕಿಲ್ಲ ಎಂದು ಯೋಚಿಸದವರಿಗೆ ಕತ್ತರಿಸುತ್ತೇನೆ. ಹೆಸರಿದ್ದಿದ್ದರೆ ಅದು ಅಧ್ಯಕ್ಷನ ಸಾವಾಗುತ್ತಿತ್ತು. ಇಲ್ಲದ್ದರಿಂದಲೇ ಎರಡನೆಯ ಪದ್ಯದಲ್ಲಿ ಕ್ಯಾಪ್ಟನ್‌ನನ್ನು ‘ಅಪ್ಪಾ’ ಎಂದು ಕರೆಯಲು, ಅವನ ತಲೆಯ ಕೆಳಗೆ ತೋಳು ಕೊಡಲು ಕವಿತೆಯಲ್ಲಿ ಮಾತಾಡುವ ನಾವಿಕನಿಗೆ ಸಾಧ್ಯವಾಗುತ್ತದೆ.

ಮಾತು ಯಾರ ಕಡೆ ತಿರುಗಿದೆ ಎಂಬುದನ್ನೂ ಗಮನಿಸಿ. ಎರಡನೆಯ ಪದ್ಯದಲ್ಲಿ ‘ನೀನು ಏಳು, ಗಂಟೆಯ ಸದ್ದು ಕೇಳು’ ಎಂಬ ಗೋಗರೆತವಿದೆ. ಬಿದ್ದಿರುವುದು ಕನಸಿರಬೇಕು ಎಂಬ ಹಟವೂ ಇದೆ. ಮೂರನೆಯದರಲ್ಲಿ ‘ನೀನು’ ಹೋಗಿ ‘ಅವನು’ ಬರುತ್ತದೆ: ಅವನು ಉತ್ತರಿಸುವುದಿಲ್ಲ, ತುಟಿ ಬಿಳಿಚಿದೆ, ನಾಡಿಯಿಲ್ಲ. ಅಲ್ಲಿಂದ ನಾವಿಕ ಮಾತಾಡಿಸುವುದು ದಡವನ್ನು ಮತ್ತು ಗಂಟೆಗಳನ್ನು. ಇದನ್ನು ಚೇತನಾರೋಪ (ಜಡವಸ್ತುವಿಗೆ ಜೀವವಿದೆ ಎಂಬಂತೆ ಕಾಣುವುದು) ಎಂದು ಗುರುತಿಸಿ ಮುಂದೆ ಹೋಗಬೇಡಿ. ಕೇಳಬೇಕಾದವನು ಕೇಳಿಸಿಕೊಳ್ಳದೆ ಹೋದಾಗ ಕಿವಿಯೇ ಇಲ್ಲದವುಗಳೊಡನೆ ಮಾತಿಗಿಳಿದಿದ್ದಾನೆ. ಈ ವಾಕ್ಯ ಬರೆದವರ ಉತ್ತರ ಪತ್ರಿಕೆಯನ್ನು ನಾನು ಎರಡು ಸಲ ಓದುತ್ತೇನೆ.

ಗಂಟೆ, ಹೂಮಾಲೆ ಎರಡೂ ಇಬ್ಬಗೆಯವು. ಮೆರವಣಿಗೆಗೂ ಅವೇ, ಶವಯಾತ್ರೆಗೂ ಅವೇ. ದಡದ ಜನ ಗೆದ್ದವನಿಗೆಂದು ತಂದ ಮಾಲೆ ಹಡಗಿನ ಅಟ್ಟದ ಮೇಲೆ ಮಲಗಿದವನಿಗೆ ಸಲ್ಲಬೇಕಾಗಿದೆ. ಮೊದಲ ಎರಡು ಪದ್ಯಗಳಲ್ಲಿ ಜನಜಂಗುಳಿಗೆ ಉದ್ದ ಸಾಲು, ಹೆಣದ ಬಳಿಯ ಮಾತಿಗೆ ಗಿಡ್ಡ ಸಾಲು. ಮೂರು ಪದ್ಯಗಳೂ ನಿಲ್ಲುವುದು ‘ತಣ್ಣಗೆ ಸತ್ತು ಬಿದ್ದಿರುವ’ ಅದೇ ಮಾತಿನ ಮೇಲೆ. ಪುನರುಕ್ತಿ ಎಂದು ಹೆಸರಿಸುವಾಗ ನಡುವಿನ ಪದ್ಯದಲ್ಲಿ ಅದು ‘ನೀನು ಬಿದ್ದಿರುವೆ’ ಎಂದು ನೇರವಾಗಿ ಅವನಿಗೇ ಹೇಳಿದ್ದು ಎಂಬುದನ್ನು ಸೇರಿಸಿ.

ಬಸ್ ನಿಲ್ದಾಣದ ಬಳಿ ಸಿಗುವ ಗೈಡ್‌ಗಳನ್ನು ಕೊಳ್ಳಲೇಬೇಡಿ. ಒಂದರಲ್ಲಿ ಈ ಕವಿತೆಗೆ ಉಪಮೆಯ ಉದಾಹರಣೆಯನ್ನೂ ಕೊಟ್ಟಿದ್ದರು. ಇಡೀ ಕವಿತೆಯಲ್ಲಿ ‘ಅಂತೆ’, ‘ಹಾಗೆ’ ಎಂದು ಹೋಲಿಸಿದ ಒಂದು ಸಾಲೂ ಇಲ್ಲ.

‘ಕವಿ ಮನೋಜ್ಞವಾಗಿ ವರ್ಣಿಸಿದ್ದಾರೆ’ ಎಂದು ಎಲ್ಲಾದರೂ ಬರೆದಿದ್ದರೆ ಹೊಡೆದುಹಾಕಿ, ಆ ಜಾಗದಲ್ಲಿ ಕವಿತೆಯ ಒಂದು ಸಾಲನ್ನು ಬರೆಯಿರಿ.